ಸ್ತನ ಶಸ್ತ್ರಚಿಕಿತ್ಸೆಯ ನಂತರ: ಮೊದಲು ಸರಿಯಾದ ಬ್ರಾ, ಆಮೇಲೆ ಕೃತಕ ಸ್ತನ

ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಮಂಗಳೂರಿನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿ ತೊಡಗಿರುವ ಹಿರಿಯ ಶುಶ್ರೂಷಕಿ.

ಪ್ರಶ್ನೆ: ನನಗೆ 52 ವರ್ಷ. ಶಂಕರಪುರದ ಹತ್ತಿರ ನಮ್ಮದು ಮಲ್ಲಿಗೆ ಕೃಷಿ. ಐದು ವಾರಗಳ ಹಿಂದೆ ಎಡ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಮುಂದಿನ ವಾರದಿಂದ ರೇಡಿಯೇಷನ್ ಶುರುವಾಗುತ್ತದೆ. ಹಳೆಯ ಬ್ರಾದೊಳಗೆ ಕರ್ಚೀಫು ಮಡಚಿ ಇಟ್ಟುಕೊಂಡರೆ, ಹೂ ಕೊಯ್ಯಲು ಕೈ ಎತ್ತಿದ ಕೂಡಲೇ ಅದು ಕುತ್ತಿಗೆಯ ಹತ್ತಿರ ಬಂದುಬಿಡುತ್ತದೆ. ಅಂಗಡಿಯವರು ಸಿಲಿಕೋನಿನ ಕೃತಕ ಸ್ತನವನ್ನು ಈಗಲೇ ತೆಗೆದುಕೊಳ್ಳಿ ಎನ್ನುತ್ತಾರೆ. ಬೆಲೆ ಹಲವು ಸಾವಿರ. ಯಾವುದನ್ನು ಕೊಳ್ಳಲಿ?

ಉತ್ತರ: ಸಿಲಿಕೋನಿನದ್ದನ್ನು ಈಗ ಕೊಳ್ಳಬೇಡಿ. ತೂಕವಿರುವ ಕೃತಕ ಸ್ತನವನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಆರರಿಂದ ಎಂಟು ವಾರ ಕಳೆದು, ಗಾಯ ಪೂರ್ತಿ ಮಾಗಿ, ಊತ ಇಳಿದ ಮೇಲೆ ಹಾಕಿಕೊಳ್ಳುತ್ತಾರೆ. ನಿಮಗೆ ರೇಡಿಯೇಷನ್ ಕೂಡ ಇರುವುದರಿಂದ ಅದು ಮುಗಿದು, ಚರ್ಮದ ಕೆಂಪು ಮತ್ತು ಉರಿ ಹೋಗುವವರೆಗೆ ಇನ್ನೂ ಕೆಲವು ವಾರ ಕಾಯಬೇಕಾಗುತ್ತದೆ. ಅಷ್ಟರಲ್ಲಿ ನಿಮ್ಮ ಮೈತೂಕವೂ ಬದಲಾಗಬಹುದು. ಇವತ್ತಿನ ಅಳತೆಗೆ ಕೊಂಡದ್ದು ಆಗ ಹೊಂದದಿದ್ದರೆ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ಈಗಿನ ದಿನಗಳಿಗೆ ಹತ್ತಿ ತುಂಬಿದ ಅಥವಾ ಹತ್ತಿಯ ನೂಲಿನಲ್ಲಿ ಹೆಣೆದ ಹಗುರವಾದ ಮೆತ್ತೆ ಸಾಕು. ಅದನ್ನು ಮುಂದೆ ಹುಕ್ಕು ಇರುವ, ತಂತಿಯಿಲ್ಲದ, ಸಡಿಲವಾದ ಹತ್ತಿ ಬ್ರಾದಲ್ಲಿಟ್ಟು, ಹೊರಗೆ ಹೋಗುವಾಗ ಮಾತ್ರ ಧರಿಸಿ. ರೇಡಿಯೇಷನ್ ನಡೆಯುವಾಗ ಚರ್ಮಕ್ಕೆ ಉಜ್ಜುವಂತಿದ್ದರೆ ಅದೂ ಬೇಡ. ಮನೆಯಲ್ಲಿ ತೆಳುವಾದ ಹತ್ತಿಯ ಒಳಅಂಗಿಯಷ್ಟೇ ಇರಲಿ. ಚರ್ಮಕ್ಕೆ ನೇರವಾಗಿ ಅಂಟಿಸಿಕೊಳ್ಳುವ ಬಗೆಯ ಕೃತಕ ಸ್ತನಗಳೂ ಸಿಗುತ್ತವೆ, ಆದರೆ ರೇಡಿಯೇಷನ್ ಸಮಯದಲ್ಲಿ ಅವುಗಳ ಯೋಚನೆಯನ್ನೇ ಮಾಡಬಾರದು.

ಕರ್ಚೀಫು ಮೇಲೇರುವುದಕ್ಕೆ ಕಾರಣ ಎರಡು: ಅದಕ್ಕೆ ತೂಕವಿಲ್ಲ, ಮತ್ತು ಅದನ್ನು ಹಿಡಿದಿಡುವ ಜೇಬು ನಿಮ್ಮ ಬ್ರಾದಲ್ಲಿಲ್ಲ. ಜೇಬಿರುವ ಬ್ರಾವನ್ನೇ ಹುಡುಕಿಕೊಂಡು ಹೋಗಬೇಕೆಂದಿಲ್ಲ. ನಿಮ್ಮ ರವಿಕೆ ಹೊಲಿಯುವ ಟೈಲರಮ್ಮನಿಗೆ ಹಳೆಯ ಮೆತ್ತನೆಯ ಹತ್ತಿ ಸೀರೆಯ ತುಂಡು ಕೊಟ್ಟು, ಎಡ ಕಪ್ಪಿನ ಒಳಭಾಗಕ್ಕೆ ಕಂಕುಳಿನ ಬದಿಯಲ್ಲಿ ಮಾತ್ರ ಬಾಯಿ ಬಿಟ್ಟು ಹೊಲಿದುಕೊಡಲು ಹೇಳಿ. ಹೊಲಿಗೆಯ ದಪ್ಪ ಅಂಚು ಮೈಯ ಕಡೆಗೆ ಬಾರದಂತೆ ನೋಡಿಕೊಳ್ಳಲಿ. ತೂಕಕ್ಕೆಂದು ಅಕ್ಕಿ, ಸಾಸಿವೆ ತುಂಬಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನಮ್ಮ ಕರಾವಳಿಯ ಬೆವರಿಗೆ ಅದು ಒದ್ದೆಯಾಗಿ ಮುಗ್ಗಲು ಬರುತ್ತದೆ, ಹುಳವೂ ಆಗುತ್ತದೆ. ನುಣುಪಾದ ನಾಲ್ಕಾರು ಸಣ್ಣ ಕಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿ ಮೆತ್ತೆಯ ಕೆಳತುದಿಯಲ್ಲಿ, ಹತ್ತಿಯ ನಡುವೆ ಇಟ್ಟರೆ ತೊಳೆಯುವುದೂ ಸುಲಭ. ಆದರೆ ಇಷ್ಟು ತೂಕಕ್ಕೂ ಗಾಯ ಮಾಗಿದ ಮೇಲೆ ವೈದ್ಯರನ್ನು ಕೇಳಿಯೇ ಕೈಹಾಕಿ.

ಇನ್ನು ನಾಲ್ಕೈದು ತಿಂಗಳ ನಂತರದ ಮಾತು. ಆಗಲೂ ಮೊದಲು ಆರಿಸಬೇಕಾದದ್ದು ಬ್ರಾ. ಕೃತಕ ಸ್ತನವನ್ನು ಅದರೊಳಗಿಟ್ಟೇ ನೋಡಬೇಕು. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ: ದುಬಾರಿಯ ಸಿಲಿಕೋನ್ ಕೊಂಡು, ಲಡ್ಡಾದ ಹಳೆಯ ಬ್ರಾದಲ್ಲಿ ತುರುಕಿ, ಅದು ಜೋತುಬಿದ್ದಾಗ ಸಿಲಿಕೋನನ್ನು ದೂರುತ್ತಾರೆ. ತೂಕವನ್ನು ಹೊರಬೇಕಾದದ್ದು ಎದೆಯ ಕೆಳಗೆ ಸುತ್ತುವ ಪಟ್ಟಿಯೇ ಹೊರತು ಭುಜದ ಪಟ್ಟಿಯಲ್ಲ. ಕೆಳಪಟ್ಟಿ ಬೆನ್ನಿನಲ್ಲಿ ಮೇಲಕ್ಕೇರದೆ ನೆಟ್ಟಗಿರಬೇಕು, ಅದರೊಳಗೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಬೇಕು, ಎರಡು ಕಪ್ಪುಗಳ ನಡುವಿನ ಭಾಗ ಎದೆಮೂಳೆಗೆ ತಾಗಿ ಕೂರಬೇಕು. ಹೊಸ ಬ್ರಾವನ್ನು ಹೊರಗಿನ ಹುಕ್ಕಿಗೆ ಹಾಕಿ ನೋಡಿ; ದಿನ ಕಳೆದಂತೆ ಪಟ್ಟಿ ಹಿಗ್ಗಿದಾಗ ಒಳಗಿನ ಹುಕ್ಕುಗಳು ಬೇಕಾಗುತ್ತವೆ.

ನಿಮ್ಮ ಕಂಕುಳಿನ ಗ್ರಂಥಿಗಳನ್ನು ತೆಗೆದಿರುವುದರಿಂದ ಎಡಗೈ ಬಾತುಕೊಳ್ಳುವ ಸಾಧ್ಯತೆ ಮುಂದೆಯೂ ಇರುತ್ತದೆ. ಭುಜದ ಪಟ್ಟಿ ಅಗಲವಾಗಿರಲಿ. ಸಂಜೆ ಬ್ರಾ ಬಿಚ್ಚಿದಾಗ ಭುಜದಲ್ಲಿ ಅಥವಾ ಕಂಕುಳಿನ ಬದಿಯಲ್ಲಿ ಆಳವಾದ ಗೆರೆ ಮೂಡಿದ್ದರೆ ಆ ಬ್ರಾ ನಿಮಗಲ್ಲ. ಬೆರಳಿನ ಉಂಗುರ, ಬಳೆ ಬಿಗಿಯಾದಂತೆ ಅನಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಅಳತೆ ತೆಗೆಯುವಾಗ ಎದೆಯ ಸುತ್ತಲೂ ಟೇಪು ಹಿಡಿದರೆ ಲೆಕ್ಕ ತಪ್ಪುತ್ತದೆ. ಎದೆಯ ನಡುಮೂಳೆಯಿಂದ ಬಲ ಸ್ತನದ ಮೇಲೆ ಹಾದು ಬೆನ್ನುಮೂಳೆಯವರೆಗೆ ಅಳೆದು, ಅದನ್ನು ಎರಡರಿಂದ ಗುಣಿಸಬೇಕು. ನಂತರ ಅಂಗಡಿಯ ಕನ್ನಡಿಯ ಮುಂದೆ ಬರೀ ನಿಂತು ನೋಡಬೇಡಿ. ಬುಟ್ಟಿಗೆ ಹೂ ಹಾಕುವಂತೆ ಬಗ್ಗಿ, ಮೊಗ್ಗು ಕೊಯ್ಯುವಂತೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಮೇಲೆತ್ತಿ. ನೆಟ್ಟಗೆ ನಿಂತಾಗ ಕೃತಕ ಸ್ತನ ತನ್ನ ಜಾಗಕ್ಕೇ ಮರಳಿದರೆ ಕೊಳ್ಳಬಹುದು. ಸೆರಗು ಎಡ ಭುಜಕ್ಕೆ ಹೋಗುವುದರಿಂದ ಸೀರೆಯಲ್ಲಿ ಎಡ ಪಕ್ಕದ ರವಿಕೆ ಬದಿಯಿಂದ ನೋಡುವವರಿಗೆ ಕಾಣುತ್ತದೆ. ಹಾಗಾಗಿ ಒಂದು ರವಿಕೆಯನ್ನೂ ಜೊತೆಗೆ ಒಯ್ದು, ಅದನ್ನು ತೊಟ್ಟು ಬದಿಯಿಂದಲೂ ನೋಡಿಕೊಳ್ಳಿ. ತೋಟದ ಕೆಲಸಕ್ಕೆ ಯಾವಾಗ ಮರಳಬಹುದು ಎಂಬುದನ್ನು ಫಿಸಿಯೋಥೆರಪಿಯವರು ನಿಮ್ಮ ಭುಜ ಎಷ್ಟು ಏಳುತ್ತದೆ ಎಂದು ನೋಡಿ ಹೇಳಬೇಕು.

ಪ್ರಶ್ನೆ: ನನ್ನ ಅಮ್ಮ ಮೂರು ವರ್ಷಗಳಿಂದ ಒಂದೇ ಸಿಲಿಕೋನ್ ಕೃತಕ ಸ್ತನ ಬಳಸುತ್ತಿದ್ದಾರೆ. ಮಂಗಳೂರಿನ ಸೆಕೆಗೆ ಅದರಡಿಯಲ್ಲಿ ಬೆವರುಸಾಲೆ, ತುರಿಕೆ, ಮಳೆಗಾಲದಲ್ಲಿ ವಾಸನೆ. ಮೆಡಿಕಲ್ ಶಾಪಿನಿಂದ ತಂದ ಮುಲಾಮು ಹಚ್ಚಿದರೆ ಎರಡು ದಿನ ಕಡಿಮೆಯಾಗಿ ಮತ್ತೆ ಬರುತ್ತದೆ.

ಉತ್ತರ: ಹಚ್ಚಿದಾಗ ಇಳಿದು ಬಿಟ್ಟಾಗ ಮರಳುವುದನ್ನು ನೋಡಿದರೆ ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು, ಅದನ್ನು ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ. ಬೆವರು ನಿಲ್ಲುವ ಮಡಿಕೆಗಳಲ್ಲಿ ಶಿಲೀಂಧ್ರದ ಸೋಂಕು ನಮ್ಮ ಕಡೆ ಬಹಳ ಸಾಮಾನ್ಯ. ಆದರೆ ಹಳೆಯ ಗಾಯದ ಗೆರೆಯ ಮೇಲೆ ಅಥವಾ ಅದರ ಸುತ್ತ ಗುಳ್ಳೆ, ಗಂಟು, ಎರಡು ವಾರದಲ್ಲಿ ಮಾಯದ ಕೆಂಪು ಇದ್ದರೆ ಅದನ್ನು ಬೆವರುಸಾಲೆ ಎಂದು ನೀವೇ ತೀರ್ಮಾನಿಸದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಕರೆದೊಯ್ಯಿರಿ.

ಸಿಲಿಕೋನನ್ನು ಪ್ರತಿದಿನ ಸೌಮ್ಯವಾದ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ, ಅದು ಬಂದ ಡಬ್ಬದಲ್ಲೇ ಇಡಬೇಕು. ಅದಕ್ಕೊಂದು ಹತ್ತಿಯ ಹೊದಿಕೆ ಇದ್ದರೆ ಬೆವರನ್ನು ಅದು ಹೀರುತ್ತದೆ, ಹೊದಿಕೆಯನ್ನು ದಿನವೂ ಬದಲಾಯಿಸಬಹುದು. ಆಟಿ ತಿಂಗಳಲ್ಲಿ ಬಟ್ಟೆ ಎರಡು ದಿನವಾದರೂ ಒಣಗದ ಊರಿನಲ್ಲಿ ಎರಡು ಬ್ರಾ ಸಾಲುವುದಿಲ್ಲ, ಮೂರು ನಾಲ್ಕು ಬೇಕು. ಅರೆ ಒಣಗಿದ್ದನ್ನು ಹಾಕಿಕೊಳ್ಳುವುದೇ ಎಷ್ಟೋ ತುರಿಕೆಗಳ ಮೂಲ. ಹಾಗೆಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಫ್ಯಾನಿನ ಕೆಳಗೆ ಒಣಗಿಸಿ. ಮನೆಯೊಳಗಿರುವಾಗ ಹತ್ತಿಯ ಮೆತ್ತೆ ಸಾಕು, ಮಲಗುವಾಗ ಯಾವುದೂ ಬೇಡ.

ಮೂರು ವರ್ಷವೆಂದರೆ ಸಿಲಿಕೋನಿಗೂ ವಯಸ್ಸಾಯಿತು. ಸಾಮಾನ್ಯವಾಗಿ ಎರಡು ವರ್ಷದ ಸುಮಾರಿಗೆ ಬದಲಿಸಲು ಹೇಳುತ್ತಾರೆ. ಅಂಚಿನಲ್ಲಿ ಬಿರುಕು, ಜಿಗುಟು ಇದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಿ. ನನ್ನ ಅನುಭವದಲ್ಲಿ ಅದರ ದೊಡ್ಡ ಶತ್ರು ಸೆರಗಿಗೆ ಚುಚ್ಚುವ ಪಿನ್ನು. ಮದುವೆಮನೆಯಲ್ಲಿ ಯಾರೋ ಅಕ್ಕರೆಯಿಂದ ಸೆರಗು ಸರಿಮಾಡಿ ಪಿನ್ನು ಹಾಕಿದ್ದರಿಂದ ಹೊಸದೊಂದು ತೂತಾದದ್ದನ್ನು ನೋಡಿದ್ದೇನೆ. ಪಿನ್ನು ಭುಜದ ಮೇಲೆಯೇ ಇರಲಿ, ಅದೂ ಅಮ್ಮನವರ ಕೈಯಿಂದಲೇ.

ಪ್ರಶ್ನೆ: ನನಗೆ 67. ಏನನ್ನೂ ಹಾಕಿಕೊಳ್ಳದೆ ಆರಾಮವಾಗಿದ್ದೇನೆ. ಆದರೆ ಬೆನ್ನು ವಾಲುತ್ತದೆ, ಹಾಕಲೇಬೇಕು ಎಂದು ಸೊಸೆ ಹೇಳುತ್ತಾಳೆ.

ಉತ್ತರ: ಹಾಕಲೇಬೇಕೆಂಬ ವೈದ್ಯಕೀಯ ನಿಯಮವೇನಿಲ್ಲ. ಉಳಿದ ಸ್ತನ ದೊಡ್ಡದಾಗಿದ್ದರೆ ಕೆಲವರಿಗೆ ಒಂದು ಬದಿಗೆ ಭಾರವೆನಿಸಿ ಕುತ್ತಿಗೆ, ಭುಜ ನೋಯುವುದುಂಟು. ಸೊಸೆಯ ಕಾಳಜಿ ತೀರಾ ಆಧಾರವಿಲ್ಲದ್ದಲ್ಲ. ನಿಮಗೆ ನೋವಿಲ್ಲದಿದ್ದರೆ ಹೀಗೆಯೇ ಇರಬಹುದು. ರವಿಕೆ ಆ ಬದಿಯಲ್ಲಿ ಜೋಲುತ್ತಿದ್ದರೆ ಟೈಲರಿಗೆ ಹೇಳಿ ಅಲ್ಲಿನ ಟಕ್ಸ್ ಬಿಚ್ಚಿಸಿ, ಬಟ್ಟೆಯನ್ನು ಎದೆಗೆ ಸಮನಾಗಿ ಹಿಡಿಸಿ ಹೊಲಿಸಿಕೊಳ್ಳಿ.