‘ನನ್ನ ಇಮ್ಯುನಿಟಿ ಗಟ್ಟಿ’ ಎನ್ನುವ ಗಂಡನಿಗೆ ಏನು ಹೇಳಲಿ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಸೋದರಿಯೊಬ್ಬರ ಪತ್ರದ ಸಾರ ಇದು. ಮದುವೆಯಾಗಿ ಒಂಬತ್ತು ವರ್ಷವಾಗಿದೆ. ಈಚೆಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಕಟ್ಟಿತು, ಜನನಾಂಗದ ಬಳಿ ನೀರುಗುಳ್ಳೆ ಎದ್ದವು. ಡಾಕ್ಟರು ಹರ್ಪಿಸ್ ಎಂದರು. ಗಂಡ ತಮ್ಮ ಹೆಲ್ತ್ ಚೆಕಪ್ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿ, ‘ನೋಡು, ಎಲ್ಲಾ ನಾರ್ಮಲ್. ನನ್ನ ಇಮ್ಯುನಿಟಿ ಗಟ್ಟಿ, ನಿನ್ನದೇ ವೀಕು’ ಎಂದರಂತೆ. ಈಕೆ ಈಗ ಸೋಪು, ಟವೆಲ್ ಬೇರೆ ಮಾಡಿಕೊಂಡಿದ್ದಾರೆ. ಇಮ್ಯುನಿಟಿ ಹೆಚ್ಚಿಸುವ ಪುಡಿ ಯಾವುದು ಒಳ್ಳೆಯದು, ಎರಡನೇ ಮಗು ಮಾಡಿಕೊಳ್ಳಬಹುದಾ ಎಂದು ಕೇಳಿದ್ದಾರೆ.

ಉತ್ತರ: ಇಷ್ಟು ಬಿಚ್ಚುಮನಸ್ಸಿನಿಂದ ಬರೆಯಲು ಧೈರ್ಯ ಬೇಕು, ಸೋದರಿ. ಅದನ್ನು ಮೆಚ್ಚಿಕೊಂಡೇ ಸ್ವಲ್ಪ ಬೈಯುತ್ತೇನೆ. ಆ ಪುಡಿಯ ಯೋಚನೆ ಬಿಟ್ಟುಬಿಡಿ. ಸೋಪು, ಟವೆಲನ್ನೂ ಮೊದಲಿನ ಜಾಗಕ್ಕೇ ಇಡಿ. ಈ ವೈರಸ್ ಚರ್ಮಕ್ಕೆ ಚರ್ಮ ತಾಗಿ ಹರಡುವಂಥದ್ದು, ಹೊರಗೆ ಬಿದ್ದರೆ ಹೆಚ್ಚು ಹೊತ್ತು ಬಾಳುವುದಿಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ನಿಜ ಇಲ್ಲವೇ ಇಲ್ಲ ಎಂದಲ್ಲ. ಎಚ್‌ಐವಿ ಇದ್ದವರಿಗೆ, ಕಿಡ್ನಿ ಕಸಿಯಾದವರಿಗೆ ಹರ್ಪಿಸ್ ಜೋರಾಗಿಯೇ ಕಾಡುತ್ತದೆ. ಬೇರೆ ಜ್ವರ ಬಂದಾಗ ಗುಳ್ಳೆ ಮತ್ತೆ ಏಳುವುದೂ ಉಂಟು. ಸರಿ, ಅವರ ಪಾಲಿನ ಮಾರ್ಕ್ಸ್ ಕೊಟ್ಟಾಯಿತು.

ಈಗ ಆ ರಿಪೋರ್ಟುಗಳನ್ನು ನೀವೇ ಇನ್ನೊಮ್ಮೆ ತೆಗೆದು ನೋಡಿ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ಹಿಮೋಗ್ಲೋಬಿನ್ ಇರುತ್ತವೆ. ಹರ್ಪಿಸ್ ಎಂಬ ಸಾಲು ಎಲ್ಲಿದೆ? ಸಾಮಾನ್ಯ ಚೆಕಪ್‌ನಲ್ಲಿ ಅದನ್ನು ನೋಡುವುದೇ ಇಲ್ಲ. ನೋಡದೇ ಇದ್ದದ್ದು ನಾರ್ಮಲ್ ಹೇಗಾಗುತ್ತದೆ?

ಇನ್ನು ಗಟ್ಟಿ ಇಮ್ಯುನಿಟಿಯ ಮಾತು. ಈ ವೈರಸ್ ಒಮ್ಮೆ ಒಳಹೊಕ್ಕರೆ ನರದ ಗುಂಟ ಹೋಗಿ ಬೆನ್ನುಮೂಳೆಯ ಬುಡದಲ್ಲಿರುವ ನರಗಂಟಿನಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಅದನ್ನು ಎಬ್ಬಿಸಿ ಓಡಿಸುವುದು ಯಾರ ಇಮ್ಯುನಿಟಿಗೂ ಆಗಿಲ್ಲ, ಯಾವ ಔಷಧಿಗೂ ಆಗಿಲ್ಲ. ಆಗಾಗ ಅದು ಅದೇ ದಾರಿಯಲ್ಲಿ ಇಳಿದು ಚರ್ಮಕ್ಕೆ ಬರುತ್ತದೆ. ಚರ್ಮದಲ್ಲಿ ಕಾವಲಿರುವ ಟಿ ಕಣಗಳು, ಅಂದರೆ ಇಮ್ಯುನಿಟಿಯ ಸೈನಿಕರು, ಬಹಳ ಸಲ ಗುಳ್ಳೆ ಏಳುವ ಮೊದಲೇ ಅದನ್ನು ಹಿಡಿದು ಮುಗಿಸುತ್ತವೆ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ವೈರಸ್ ಚರ್ಮದ ಮೇಲೆ ಇರುತ್ತದಲ್ಲ, ಜೊತೆಗಿರುವವರಿಗೆ ದಾಟಲು ಅಷ್ಟು ಸಾಕು. ಇದು ಊಹೆಯಲ್ಲ. ಹರ್ಪಿಸ್ ವೈರಸ್ಸಿನಲ್ಲಿ ಎರಡು ಬಗೆ, ಎಚ್‌ಎಸ್‌ವಿ-1 ಮತ್ತು ಎಚ್‌ಎಸ್‌ವಿ-2; ಎರಡನೆಯದು ಹೆಚ್ಚಾಗಿ ಜನನಾಂಗದ್ದು. ಅಮೆರಿಕದಲ್ಲಿ ಎಚ್‌ಎಸ್‌ವಿ-2 ಇದ್ದವರಿಂದ ದಿನಾ ಸ್ವ್ಯಾಬ್ ತೆಗೆಸಿ ಪರೀಕ್ಷೆ ಮಾಡಿದರು. 2011ರಲ್ಲಿ ಬಂದ ಆ ವರದಿಯ ಪ್ರಕಾರ, ಗುಳ್ಳೆ ಬರುತ್ತಿದ್ದವರಲ್ಲಿ ಸುಮಾರು 20% ದಿನ ವೈರಸ್ ಸಿಕ್ಕಿತು. ಗುಳ್ಳೆಯನ್ನೇ ಕಾಣದವರಲ್ಲೂ 10% ದಿನ ಸಿಕ್ಕಿತು! ಅಂದರೆ ನಿಮ್ಮ ಯಜಮಾನರ ಇಮ್ಯುನಿಟಿ ನಿಜವಾಗಿಯೂ ಗಟ್ಟಿ ಇದ್ದರೆ, ತನಗೆ ಇದೆ ಎಂಬುದು ಅವರಿಗೇ ಗೊತ್ತಾಗದಿರಲು ಅದೇ ಕಾರಣ ಆಗಿರಬಹುದು.

ಕಟ್ಟುಮಸ್ತಾದ ಮೈ ಇದ್ದರೆ ಏನೂ ತಾಗುವುದಿಲ್ಲ ಎನ್ನುವವರಿಗೆ ನಾನು ಕುಸ್ತಿಪಟುಗಳ ಕಥೆ ಹೇಳುತ್ತೇನೆ. 1989ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಹೈಸ್ಕೂಲ್ ಹುಡುಗರ ಕುಸ್ತಿ ಶಿಬಿರ ನಡೆಯಿತು. 175 ಹುಡುಗರಲ್ಲಿ 60 ಮಂದಿಗೆ ಹರ್ಪಿಸ್ ಹತ್ತಿತು. ಅವರೆಲ್ಲ ಹದಿಹರೆಯದ, ಕಸರತ್ತು ಮಾಡಿದ ಗಟ್ಟಿಮುಟ್ಟು ಹುಡುಗರು. ಪಟ್ಟು ಹಾಕುವಾಗ ಮುಖಕ್ಕೆ ಮುಖ, ಕುತ್ತಿಗೆಗೆ ಕುತ್ತಿಗೆ ಉಜ್ಜಿದ್ದೇ ಸಾಕಾಯಿತು. ಅದು ಎಚ್‌ಎಸ್‌ವಿ-1, ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವಂಥದ್ದು. ಅದೇ ವೈರಸ್ ಬಾಯಿಯಿಂದ ಜನನಾಂಗಕ್ಕೂ ಹತ್ತುತ್ತದೆ ಎಂಬುದು ಎಷ್ಟೋ ದಂಪತಿಗಳಿಗೆ ಗೊತ್ತೇ ಇರುವುದಿಲ್ಲ. (ಸರ್ಪಸುತ್ತು ಬೇರೆ ವೈರಸ್ಸಿನದು, ಎರಡನ್ನೂ ಕಲಸಬೇಡಿ.)

ನೀವು ಬಾಯಿಬಿಟ್ಟು ಕೇಳದೇ ಇದ್ದರೂ ಪತ್ರದ ತುಂಬಾ ಇರುವ ಅನುಮಾನ ನನಗೆ ಕಂಡಿದೆ. ಚರ್ಮರೋಗದ ವೈದ್ಯರಾದ ನನ್ನ ಸ್ನೇಹಿತರೊಬ್ಬರು ಹೇಳುವಂತೆ, ಇಂಥ ಜೋಡಿ ಕುರ್ಚಿಯಲ್ಲಿ ಕೂರುವ ಮೊದಲೇ ‘ಯಾರಿಂದ ಬಂತು?’ ಎನ್ನುತ್ತಾರಂತೆ. ವಾಸಿ ಹೇಗೆ ಎಂದು ಆಮೇಲೆ ಕೇಳುತ್ತಾರಂತೆ! ಜ್ವರ, ಗಂಟು ಎಲ್ಲ ಜೊತೆಗೆ ಬಂದಿದೆ ಎಂದರೆ ನಿಮಗೆ ಇದು ಹೊಸದಾಗಿ ತಗುಲಿರುವ ಸಾಧ್ಯತೆ ಜಾಸ್ತಿ. ಆದರೆ ಅವರಲ್ಲಿ ಮದುವೆಗೂ ಮೊದಲಿನಿಂದ ಸುಮ್ನೆ ಕೂತಿದ್ದಿರಬಹುದು, ಇಲ್ಲವೇ ಚಿಕ್ಕಂದಿನಲ್ಲಿ ತುಟಿಗೆ ಬಂದದ್ದೇ ಇರಬಹುದು. ರಕ್ತಪರೀಕ್ಷೆ ಯಾವ ಬಗೆಯದು ಎಂದು ಹೇಳೀತು, ಯಾವ ವರ್ಷ ಯಾರಿಂದ ಬಂತು ಎಂದು ಹೇಳಲಾರದು. ಅದನ್ನು ಹಿಡಿದು ಮನೆಯಲ್ಲಿ ಕೋರ್ಟು ನಡೆಸಬೇಡಿ.

ನನ್ನ ಸಿಟ್ಟು ಬೇರೆಯವರ ಮೇಲಿದೆ. ಪೌಷ್ಟಿಕಪುಡಿಯಿಂದ ಹಿಡಿದು ಹಾಸಿಗೆಯ ತನಕ ಇವತ್ತು ಇಮ್ಯುನಿಟಿಯ ಹೆಸರಿನಲ್ಲಿ ಮಾರದ ವಸ್ತು ಇಲ್ಲ. ಕಾಯಿಲೆ ಬಂದವರು ಏನೋ ತಪ್ಪು ಮಾಡಿದವರು ಎಂಬ ಭಾವನೆಯನ್ನೂ ಅದರ ಜೊತೆ ಉಚಿತವಾಗಿ ಕೊಡುತ್ತಾರೆ. ನಮ್ಮ ಪತ್ರಿಕೋದ್ಯಮವೂ ಕಡಿಮೆಯದಲ್ಲ. 1982ರಲ್ಲಿ ‘ಟೈಮ್’ ಪತ್ರಿಕೆ ಹರ್ಪಿಸ್ಸನ್ನು ಕಳಂಕದ ಗುರುತಿನಂತೆ ಮುಖಪುಟಕ್ಕೆ ಹಾಕಿತು. ಐವತ್ತರೊಳಗಿನ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎಚ್‌ಎಸ್‌ವಿ-1 ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇಷ್ಟು ಜನರಿಗೆ ಇರುವುದರಲ್ಲಿ ಕಳಂಕ ಎಲ್ಲಿಂದ ಬಂತು?

ಪುಡಿಯ ದುಡ್ಡನ್ನು ಡಾಕ್ಟರ ಫೀಸಿಗೆ ಇಡಿ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬರಿಗೆ ಮಾತ್ರ ಎಚ್‌ಎಸ್‌ವಿ-2 ಇದ್ದ 1484 ಜೋಡಿಗಳನ್ನು ಎಂಟು ತಿಂಗಳು ಗಮನಿಸಿದರು. ಸೋಂಕಿದ್ದವರು ದಿನಾ ವ್ಯಾಲಾಸೈಕ್ಲೋವಿರ್ ಮಾತ್ರೆ ನುಂಗಿದ ಜೋಡಿಗಳಲ್ಲಿ ಸೋಂಕು ದಾಟಿದ್ದು 48% ಕಡಿಮೆ. ಕಾಂಡೋಮ್ ಕೂಡ ತಕ್ಕಮಟ್ಟಿಗೆ ಕಾಯುತ್ತದೆ, ಪೂರ್ತಿ ಅಲ್ಲ. ಗುಳ್ಳೆ ಇರುವಾಗ, ಅಥವಾ ಏಳುವ ಮುನ್ನ ಚುರುಚುರು ಎನ್ನುವಾಗ, ಕೂಡುವುದು ಬೇಡ.

ಮಗುವಿನ ವಿಷಯದಲ್ಲಿ ಹೆದರಬೇಡಿ. ಹಳೆಯ ಸೋಂಕಿದ್ದ ತಾಯಿಯಿಂದ ಹೆರಿಗೆಯಲ್ಲಿ ಮಗುವಿಗೆ ತಗುಲುವುದು 1%ಕ್ಕಿಂತ ಕಡಿಮೆ. ತಾಯಿಯ ಪ್ರತಿಕಾಯಗಳು ಮಗುವಿಗೂ ಇಳಿದಿರುತ್ತವೆ, ನೋಡಿ, ಇಮ್ಯುನಿಟಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಹತ್ತಿದರೆ ಅಪಾಯ ಬಹಳ ಜಾಸ್ತಿ. ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ನೋವು ಶುರುವಾದಾಗ ಗುಳ್ಳೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ. ಆ ಭೇಟಿಗೆ ಯಜಮಾನರನ್ನೂ ಕರೆದುಕೊಂಡು ಹೋಗಿ, ರಿಪೋರ್ಟುಗಳನ್ನು ಬೇಕಾದರೆ ಅವರೇ ಹೊತ್ತು ತರಲಿ.

- ಸಂ.