ಅಮ್ಮನ ಅಂಗಾಲಿನ ಕಪ್ಪು ಮಚ್ಚೆ

ಪ್ರಶ್ನೆ: ಅಮ್ಮನಿಗೆ 61 ವರ್ಷ. ಅಂಗಾಲಿನ ಕಪ್ಪು ಮಚ್ಚೆ ಆರು ತಿಂಗಳಿಂದ ದೊಡ್ಡದಾಗುತ್ತಿದೆ. ನೋವಿಲ್ಲ, ಮುಳ್ಳು ಚುಚ್ಚಿದ ಕಲೆ ಅಂತ ಸುಮ್ನಿದ್ದಾರೆ. ತೋರಿಸಬೇಕಾ ಡಾಕ್ಟ್ರೇ?

ಉತ್ತರ: ಖಂಡಿತ ತೋರಿಸಿ, ಈ ವಾರವೇ. ನೋವಿಲ್ಲ ಅಂತ ಬಿಡಬೇಡಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಶುರುವಿನಲ್ಲಿ ನೋಯುವುದೇ ಕಡಿಮೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಅಪರೂಪ, ಆದರೆ ಬಂದರೆ ಜಾಸ್ತಿ ಅಂಗಾಲು, ಅಂಗೈ, ಉಗುರಿನ ಕೆಳಗೇ ಬರುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಕೆಳಗೆ ಸಿಕ್ಕಿದ್ದೂ ಇದೇ, ಮೊದಲು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡರು, ಬರೀ 36 ವರ್ಷ.

ಅಂಚು ಸೊಟ್ಟಗಿದೆಯಾ, ಬಣ್ಣ ಒಂದೇ ಥರ ಇಲ್ಲವಾ, 6 ಮಿಲಿಮೀಟರ್ ದಾಟಿದೆಯಾ, ರಕ್ತ ಜಿನುಗುತ್ತದೆಯಾ ನೋಡಿ. ಇವೇನೂ ಇಲ್ಲದಿದ್ದರೂ ಬೆಳೆಯುತ್ತಿದೆ ಅಲ್ವಾ, ಅಷ್ಟೇ ಸಾಕು ಡಾಕ್ಟರ ಹತ್ತಿರ ಹೋಗಲು. ಆಣಿ ಅಂತ ಬ್ಲೇಡಿನಲ್ಲಿ ಕೆತ್ತಬೇಡಿ, ಸುಡಿಸಬೇಡಿ. ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಎಂಬ, ಚರ್ಮವನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ, ಅನುಮಾನ ಬಂದರೆ ಬಯಾಪ್ಸಿ ಮಾಡುತ್ತಾರೆ, ಅಂದರೆ ಮಚ್ಚೆಯನ್ನೋ ಅದರ ಚೂರನ್ನೋ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದರಿಂದ ಕ್ಯಾನ್ಸರ್ ಹರಡುತ್ತದೆ ಅನ್ನೋ ಭಯ ಬೇಡ. ತೆಳುವಾಗಿದ್ದಾಗಲೇ ಸಿಕ್ಕರೆ, ಸುತ್ತಲಿನ ಸ್ವಲ್ಪ ಚರ್ಮದ ಜೊತೆ ಕತ್ತರಿಸಿ ತೆಗೆದರೆ ಬಹಳ ಮಂದಿಗೆ ಅಷ್ಟೇ ಚಿಕಿತ್ಸೆ. ಆಳಕ್ಕಿಳಿದಿದ್ದರೆ, ಹರಡಿದೆಯಾ ಅಂತ ತಿಳಿಯಲು ತೊಡೆಸಂದಿನ ಗ್ರಂಥಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಹೋಗುವ ಮೊದಲು ಅಮ್ಮನ ಇನ್ನೊಂದು ಕಾಲನ್ನೂ, ಬೆರಳ ಸಂದಿಗಳನ್ನೂ ಬೆಳಕಿನಲ್ಲಿ ನೀವೇ ಒಮ್ಮೆ ನೋಡಿ.