ಪರದೆಗೂ ಅಲೆಗೂ ‘ತೆರೆ’ ಅಂತ ಒಂದೇ ಹೆಸರು ಯಾಕೆ?

ಎರಡೂ ಒಂದೇ ಪದ, ಮೂಲ ಅರ್ಥ ಮಡಿಕೆ ಅಥವಾ ಸುಕ್ಕು. ನೀರು ಮಡಿಕೆಯಾದರೆ ಅಲೆ, ಬಟ್ಟೆ ನೆರಿಗೆಯಾಗಿ ಇಳಿದರೆ ಪರದೆ, ಮುಖದ ಮೇಲೆ ಬಂದರೆ ‘ನರೆತೆರೆ’ ಅಂತೀವಲ್ವಾ, ಆ ತೆರೆ. ತಮಿಳಿನ ‘ತಿರೈ’ಗೂ ಇದೇ ಮೂರು ಅರ್ಥ ಇದೆ.

ನಮ್ಮ ಶಿರಸಿ, ಹೊನ್ನಾವರ ಕಡೆ ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ನಿಂತಾಗ, ಹಿಂದೆ ವೇಷ ಕುಣಿಯುತ್ತಿದ್ದ ಹಾಗೆ ಬಟ್ಟೆ ಅಲುಗುವುದನ್ನು ಒಮ್ಮೆ ನೋಡಿ, ಕಾರವಾರದ ಕಡಲೇ ನೆನಪಾಗುತ್ತದೆ. ನನಗೆ ತುಂಬಾ ಇಷ್ಟದ ಪದ ಇದು.

ಬಾಗಿಲು ‘ತೆರೆ’ ಅನ್ನುವುದು ಮಾತ್ರ ಬೇರೆ. ಹಳಗನ್ನಡದಲ್ಲಿ ಅದು ‘ತೆಱೆ’. ಱ ಅಕ್ಷರ ಬಿಟ್ಟುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ, ಅಷ್ಟೇ. ‘ಪರದೆ’ ಪಾರಸಿಯಿಂದ ಬಂದದ್ದು.